ಕೋಂ: ನಡಾವಳಿ ಪುಸ್ತಕದಲ್ಲಿ ನಮ್ಮ ಚಿಕ್ಕವ್ವ

ನಮ್ಮ ಕಡೆಯ ಸರ್ಕಾರಿ ಕಾಗದಗಳಲ್ಲಿ ಗಂಡಸಿನ ಹೆಸರಿನ ಪಕ್ಕ 'ಬಿನ್' ಎಂದಿರುತ್ತದೆ, ಹೆಂಗಸಿನ ಹೆಸರಿನ ಪಕ್ಕ 'ಕೋಂ' ಎಂದಿರುತ್ತದೆ. ಬಿನ್ ಅಂದರೆ ಇಂಥವನ ಮಗ. ಕೋಂ ಅಂದರೆ ಇಂಥವನ ಹೆಂಡತಿ. ಪಹಣಿ, ಸಾಲದ ಪತ್ರ, ಕೋರ್ಟಿನ ಸಮನ್ಸು, ಪಂಚಾಯಿತಿಯ ನಡಾವಳಿ ಪುಸ್ತಕ, ಎಲ್ಲಿ ನೋಡಿದರೂ ಇದೇ. ಗಂಡಸು ಮದುವೆಯಾದ ಮೇಲೂ ಅಪ್ಪನ ಮಗನಾಗಿಯೇ ಉಳಿಯುತ್ತಾನೆ, ಹೆಂಗಸು ತಾಳಿ ಕಟ್ಟಿಸಿಕೊಂಡ ದಿನದಿಂದ ಕೋಂ ಆಗುತ್ತಾಳೆ. ಗಂಡ ಸತ್ತರೂ ಕೋಂ ಸಾಯುವುದಿಲ್ಲ, ಮುಂದೆ 'ಲೇಟ್' ಎಂಬುದೊಂದು ಸೇರಿಕೊಳ್ಳುತ್ತದೆ ಅಷ್ಟೆ. ದಲಿತ ವಿಮರ್ಶೆಯ ಸಂಚಿಕೆಗೆ ಬರಿ ಅಂದರೆ ಇವನೇನು ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ ಕೋಂ ಹಿಡಕೊಂಡು ಕೂತ ಎಂದು ಗೆಳೆಯರು ನಗಬಹುದು. ನಗಲಿ. ನಮ್ಮ ವಿಮರ್ಶೆ ಕಥೆ ಕವಿತೆಗಳನ್ನು ಸಾಕಷ್ಟು ಓದಿದೆ. ನಮ್ಮವರನ್ನು ಆಳುವ ಬರವಣಿಗೆ ಮಾತ್ರ ನಾವು ಓದದೆ ಬಿಟ್ಟ ಪಠ್ಯವಾಗಿ ಉಳಿದಿದೆ. ಹಾಗೆ ನೋಡಿದರೆ ಕನ್ನಡದಲ್ಲಿ ದಲಿತ ವಿಮರ್ಶೆಗೆ ಕಿಚ್ಚು ಹತ್ತಿದ್ದೇ ಒಬ್ಬ ರಾಜಕಾರಣಿಯ ಮಾತಿನಿಂದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದರು, ಮಂತ್ರಿಗಿರಿ ಕಳಕೊಂಡರು. ಆ ಗದ್ದಲದ ಒಡಲಿಂದ ಬಂದವರು ನಾವು. ರಾಜಕಾರಣವನ್ನು ಭಾಷೆಯಾಗಿ ಓದುವುದು ನಮಗೆ ಪರಕೀಯವಲ್ಲ.

ನಾನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯವನು. ಈ ಕಡೆ ಭದ್ರಾವತಿ, ಆ ಕಡೆ ಕಾಡು, ನಡುವೆ ಅಡಿಕೆ ತೋಟ. ಊರೊಳಗೆ ಲಿಂಗಾಯತರು, ಕುರುಬರು, ಸಾಬರು, ಊರಾಚೆ ನಮ್ಮ ಮಾದಿಗರ ಕೇರಿ, ಇನ್ನೂ ಆಚೆ ಲಂಬಾಣಿ ತಾಂಡಾ. ಹಿಂದೆ ನಾವು ಶಿವಮೊಗ್ಗ ಜಿಲ್ಲೆ. 1997ರಲ್ಲಿ ನಮ್ಮ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಗೆ ಸೇರಿದೆವು. ನಾನು ಓದಿದ್ದು ಭದ್ರಾವತಿಯಲ್ಲಿ. ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತ ದಲಿತ ಸಂಘರ್ಷ ಸಮಿತಿ ಕಟ್ಟಿದ ಊರು ಅದು. ಅಲ್ಲಿನ ಗಾಳಿ ಕುಡಿದವನಿಗೆ ಜಾತಿ ಎಂದರೆ ಏನು ಎಂದು ಬೇರೆ ಪುಸ್ತಕ ಬೇಕಿರಲಿಲ್ಲ. ಆದರೆ ನನ್ನ ಮನೆಯ ಹೆಂಗಸು ಪಂಚಾಯಿತಿ ಕುರ್ಚಿ ಮೇಲೆ ಕೂತಾಗ ಆ ಗಾಳಿ ನನಗೆ ಏನೂ ಕಲಿಸಿರಲಿಲ್ಲ ಎಂಬುದೇ ಈಗ ನಾನು ಹೇಳಬೇಕಾದ ವಿಷಯ.

1993ರ ಹೊಸ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆ ಡಿಸೆಂಬರಿನಲ್ಲಿ ಚುನಾವಣೆ ಬಂತು. ಕರ್ನಾಟಕಕ್ಕೆ ಇದು ಪೂರ್ತಿ ಹೊಸದಲ್ಲ. ನಜೀರ್ ಸಾಬರ ಕಾಲದ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇತ್ತು, 1987ರಲ್ಲಿ ಆ ಲೆಕ್ಕದಲ್ಲೇ ಚುನಾವಣೆ ನಡೆದಿತ್ತು. 1993ರಲ್ಲಿ ಅದು ಮೂರರಲ್ಲಿ ಒಂದಾಯಿತು, 2010ರಲ್ಲಿ ಅರ್ಧಕ್ಕೇರಿತು. ನಮ್ಮ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿ ಮಹಿಳೆ ಎಂದು ಒಂದು ಸ್ಥಾನ ಬಂತು, ನಮ್ಮ ಚಿಕ್ಕವ್ವನನ್ನು ನಿಲ್ಲಿಸಿದೆವು. 'ನಿಲ್ಲಿಸಿದೆವು' ಎಂಬ ಕ್ರಿಯಾಪದವನ್ನು ಗಮನಿಸಿ. ಆಮೇಲೆ ಅಧ್ಯಕ್ಷ ಸ್ಥಾನವೂ ಅದೇ ಮೀಸಲಿಗೆ ಬಿದ್ದು ಅವಳು ಅಧ್ಯಕ್ಷೆಯಾದಳು. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ಸಹಿ ಮಾಡುವುದನ್ನು ಕಲಿತಿದ್ದಳು. ಚಿಕ್ಕಪ್ಪ ಯಾರ ಗೊಡವೆಗೂ ಹೋಗದ ಮನುಷ್ಯ. ಹಾಗಾಗಿ ಪಂಚಾಯಿತಿಗೆ ಅವಳ ಜೊತೆ ಹೋಗುವವನು ನಾನಾದೆ. ಆಗ ನನಗೆ 24 ವರ್ಷ, ಹೆಗಲ ಮೇಲೆ ನೀಲಿ ಶಾಲು, ಬಗಲಲ್ಲಿ ಪುಸ್ತಕದ ಚೀಲ. ಅಲ್ಲೀತನಕ ಅವಳನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದ ಊರ ಗೌಡರು ಈಗ "ಅಧ್ಯಕ್ಷರನ್ನ ಕರೀರಿ" ಅನ್ನುತ್ತಿದ್ದರು. ಜವಾನ ಓಡಿಬಂದು ಕರೆಯುತ್ತಿದ್ದದ್ದು ನನ್ನನ್ನು.

ನನಗೆ ಆಗ ಅದು ಗೆಲುವಾಗಿ ಕಂಡಿತ್ತು. ಗೌಡರ ಎದುರು ಕುರ್ಚಿ ಹಾಕಿಕೊಂಡು ಕೂತ ಮೊದಲ ಮಾದಿಗರ ಹುಡುಗ ಎಂದು ಬೀಗಿದೆ. ಚಿಕ್ಕವ್ವ ಪಕ್ಕದಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು. ನಾನು ಬರೆದೆ, ನಾನು ಮಾತಾಡಿದೆ, ನಾನು ತೋರಿಸಿದ ಕಡೆ ಅವಳು ಸಹಿ ಹಾಕಿದಳು. ಗಂಡನ ಪಂಚಾಯಿತಿ ಅಂತ ಲಿಂಗಾಯತರ ಮನೆಯ ಸದಸ್ಯೆಯರ ಗಂಡಂದಿರನ್ನು ಲೇವಡಿ ಮಾಡಿ ನಾನೇ ಆ ದಿನಗಳಲ್ಲಿ ಒಂದು ಕರಪತ್ರ ಬರೆದಿದ್ದೆ. ಅವರು ಗಂಡಂದಿರು, ನಾನು ಕಾರ್ಯಕರ್ತ, ವ್ಯತ್ಯಾಸ ಇಲ್ಲವೇ ಎಂದು ನಂಬಿದ್ದೆ.

ಆ ಕಾಲದಲ್ಲಿ ಒಂದು ನಿರ್ಣಯ ಆಯಿತು. ಊರ ದೇವಸ್ಥಾನದ ಪಕ್ಕ ಕಾಂಪೌಂಡು, ಮುಂದೆ ಚರಂಡಿ ಮತ್ತು ಕಲ್ಲುಹಾಸು. ಹಣಕ್ಕೆ ಮಂಜೂರಾತಿ ಕೊಟ್ಟವಳು ಚಿಕ್ಕವ್ವ. ತೇರಿನ ದಿನ ಅದೇ ಕಾಂಪೌಂಡಿನ ಹೊರಗೆ, ಕೇರಿಯವರು ನಿಲ್ಲುವ ಜಾಗದಲ್ಲೇ ನಿಂತು ಹಣ್ಣು ಎಸೆದಳು. ಗುಡಿ ಪ್ರವೇಶದ ಗಲಾಟೆ ಆಗ ಬೇಡ ಎಂದವನು ನಾನು. ಯಾಕೆಂದರೆ ಕಾಂಪೌಂಡಿಗೆ ಬದಲಾಗಿ ಕೇರಿಗೆ ನಲ್ಲಿ ಎಂದು ಗೌಡರ ಜೊತೆ ನಾನೇ ಒಳಗೊಳಗೆ ಮಾತಾಗಿದ್ದೆ. ನಲ್ಲಿ ಬಂತು. ನೀರು ಬರಲು ಎರಡು ವರ್ಷ ಹಿಡಿಯಿತು. ಒಂದು ಹಾಳೆಯ ಆ ನಿರ್ಣಯದಲ್ಲಿ ಜಾತಿ, ಧರ್ಮ, ಹೆಣ್ಣು, ಪ್ರಜಾಪ್ರಭುತ್ವ ನಾಲ್ಕೂ ಇವೆ. ಬೇರೆ ಬೇರೆ ಅಧ್ಯಾಯಗಳಾಗಿ ಇಲ್ಲ, ಒಂದೇ ವಾಕ್ಯದಲ್ಲಿವೆ. ಕುರ್ಚಿ ಸಂವಿಧಾನದ್ದು, ಹೊಸ್ತಿಲು ದೇವರದ್ದು, ಮಾತುಕತೆ ಗಂಡಸರದ್ದು, ಸಹಿ ಅವಳದ್ದು.

ಇಂಥದ್ದನ್ನು ನೋಡುವ ಕಣ್ಣು ನಮಗೆ ಮೊದಲೇ ಇತ್ತು, ಬಳಸಲಿಲ್ಲ. ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಜಾತಿಯ ಹುಟ್ಟಿನ ಪ್ರಬಂಧದಲ್ಲೇ ಇದರ ಕೀಲಿ ಇದೆ. ಒಳಮದುವೆ ಜಾತಿಯ ಜೀವಾಳ, ಒಳಮದುವೆ ಉಳಿಯಬೇಕಾದರೆ ಹೆಂಗಸಿನ ಮೇಲೆ ಕಾವಲು ಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಎಲ್ಲ ಆ ಕಾವಲಿನ ಉಪಾಯಗಳು ಎಂದು ಅವರು ತೋರಿಸಿದರು. 1951ರಲ್ಲಿ ಅವರು ನೆಹರೂ ಸಂಪುಟ ಬಿಟ್ಟು ಬಂದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದು. ನಮ್ಮ ಕೇರಿಗಳ ಏಪ್ರಿಲ್ 14ರ ಭಾಷಣಗಳಲ್ಲಿ ಮೀಸಲಾತಿ ಬರುತ್ತದೆ, ಮಹಾಡ್ ಕೆರೆ ಬರುತ್ತದೆ, ಈ ರಾಜೀನಾಮೆ ಬರುವುದು ಅಪರೂಪ. ನಾನೇ ಎಷ್ಟು ಭಾಷಣ ಮಾಡಿದ್ದೇನೆ, ಒಂದು ಸಲವೂ ಹೇಳಿಲ್ಲ.

ಅದೇ ಹೊತ್ತಿಗೆ, 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಾಗುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿದ್ದುಹೋದವು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಅವರು ತಮ್ಮ ಹೆಸರು ಹೇಳಲಿಲ್ಲ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನರು ಹಾಗೆ ಆಗದು, ಸ್ವಂತ ಹೆಸರು ಬೇಕು ಎಂದರು. ನಮ್ಮ ಪ್ರಜಾಪ್ರಭುತ್ವ ತನ್ನ ಮೊದಲ ಹೆಜ್ಜೆಯಲ್ಲೇ ಕೋಂ ಜೊತೆ ಜಗಳಕ್ಕೆ ಬಿದ್ದಿತ್ತು ಎಂದು ನನಗೆ ಈ ಸಂಗತಿ ಓದಿದಾಗ ಅನ್ನಿಸಿತು. ಸೇನರು ಹಟ ಮಾಡಿದ್ದು ಸರಿ. ಆದರೆ ಆ ಚುನಾವಣೆಯಲ್ಲಿ ಸೋತವರು ಗಂಡಂದಿರಲ್ಲ, ಆ ಹೆಂಗಸರೇ.

ಇನ್ನು ನಮ್ಮ ಚಳವಳಿಯ ಒಳಗಿನ ಕೋಂ. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ಬೆತ್ತಲೆ ಸೇವೆ ನಿಲ್ಲಿಸಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಗುಂಪು ಬಿತ್ತು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಾನಾಗ ಪಿಯುಸಿ. ಭದ್ರಾವತಿಯ ಚಹಾದಂಗಡಿಗಳಲ್ಲಿ ವಾರಗಟ್ಟಲೆ ಅದೇ ಮಾತು. ಹೋರಾಟ ಸರಿ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ನಾವು ಆಡಿದ ಭಾಷೆ ನೆನಪಿದೆ: ನಮ್ಮ ಹೆಣ್ಣುಮಕ್ಕಳ ಮಾನ, ನಮ್ಮ ಜನಾಂಗದ ಮಾನ. ಹರಕೆ ಹೊತ್ತು ಬೇವಿನುಡಿಗೆ ಉಟ್ಟು ಹೋಗುವವಳಿಗೆ ಏನಾಗಿದೆ, ಮಗುವಿನ ಕಾಯಿಲೆಯೋ, ಗಂಡನ ಹೊಡೆತವೋ, ಹೊಟ್ಟೆಗಿಲ್ಲದ್ದೋ, ಆಸ್ಪತ್ರೆ ಎಷ್ಟು ದೂರ, ಯಾರೂ ಕೇಳಲಿಲ್ಲ. ಪುರೋಹಿತಶಾಹಿ ಅವಳನ್ನು ದೇವಿಯ ಸೊತ್ತು ಎಂದಿತು, ನಾವು ಜನಾಂಗದ ಸೊತ್ತು ಎಂದೆವು. ರೇಣುಕೆಯ ಕಥೆಯಲ್ಲಿ ಜನ ಹೇಳುವ ಒಂದು ಬಗೆ ಇದೆ. ಗಂಡನ ಮಾತಿಗೆ ಮಗ ತಾಯಿಯ ತಲೆ ಕಡಿಯುತ್ತಾನೆ, ಮತ್ತೆ ಬದುಕಿಸುವಾಗ ರೇಣುಕೆಯ ತಲೆ ಮಾತಂಗಿಯ ಮುಂಡಕ್ಕೆ ಸೇರುತ್ತದೆ. ಪಂಚಾಯಿತಿ ಕುರ್ಚಿಯಲ್ಲಿ ಕೂತಿದ್ದ ಚಿಕ್ಕವ್ವನನ್ನು ನೆನೆದಾಗಲೆಲ್ಲ ನನಗೆ ಈ ಕಥೆ ಬೇಡ ಅಂದರೂ ಬಂದು ನಿಲ್ಲುತ್ತದೆ. ಮುಂಡ ನಮ್ಮ ಕೇರಿಯದು, ತಲೆ ಯಾರದೋ. ಆ ತಲೆ ಗೌಡರದ್ದಲ್ಲ, ನನ್ನದೇ ಆಗಿತ್ತು ಎಂಬುದಷ್ಟೇ ಬದಲಾವಣೆ.

ಸಾಹಿತ್ಯದ ಮಾತಿಗೆ ಬರೋಣ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನ ಬಗ್ಗೆ ನಾವು ಬರೆದಷ್ಟು ಇನ್ನೊಂದು ಪಾತ್ರದ ಬಗ್ಗೆ ಬರೆದಿಲ್ಲವೇನೋ. ಭೂಮಿ, ಒಡಲು, ತಾಯಿ, ಜೀವಶಕ್ತಿ. ನಾನೂ ಹಾಗೇ ಪಾಠ ಮಾಡಿದ್ದೇನೆ. ಈಗ ಮತ್ತೆ ಓದಿದರೆ ಬೇರೆ ಹೆಂಗಸು ಕಾಣುತ್ತಾಳೆ. ಅವಳು ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಿದ್ದಾಳೆ. ಹುಂಜ ಅವಳ ಆಸ್ತಿ. ಯಾರ ಮೇಲೆ ಅನುಮಾನವೋ ಅವರನ್ನು ಕೇಳುತ್ತಾಳೆ, ಬಯ್ಯುತ್ತಾಳೆ, ಲೆಕ್ಕ ಬಿಡುವುದಿಲ್ಲ. ಆ ಮನೆಯೊಳಗೆ ರಾತ್ರಿಯೆಲ್ಲ ಕಡಲೆಕಾಯಿ ತಿಂದು ಮುಗಿಸುವ ಸಂಭ್ರಮ, ಬೆಳಗಾದರೆ ಬಾಗಿಲಿಗೆ ಪೊಲೀಸು. ರಾಜ್ಯ ಮನೆಯೊಳಕ್ಕೆ ಬರುವುದೇ ಹಾಗೆ, ಕಳುವು ಹುಡುಕಿಕೊಂಡು. ಸಾಕವ್ವನ ಹುಂಜ ಕಳೆದದ್ದಕ್ಕೆ ಯಾವ ಪೊಲೀಸೂ ಬರುವುದಿಲ್ಲ. ಅವ್ವ ಎಂದು ಓದಿದ ನಾವು ಅವಳನ್ನು ಹಕ್ಕುದಾರಳು ಎಂದು ಓದಲಿಲ್ಲ. ತಾಯಿಗೆ ಕೈ ಮುಗಿಯಬಹುದು, ಹಕ್ಕುದಾರಳಿಗೆ ಉತ್ತರ ಕೊಡಬೇಕಾಗುತ್ತದೆ. ದಲಿತ ವಿಮರ್ಶೆ ಇಷ್ಟು ದಿನ ಸುಲಭದ ಕೆಲಸ ಮಾಡಿತು ಅಂತ ನನ್ನ ಗುಮಾನಿ.

ಕಡೂರು ತಾಲ್ಲೂಕಿನ ತಂಗಲಿ ತಾಂಡಾದಿಂದ ಬಂದ ಬಿ.ಟಿ. ಲಲಿತಾ ನಾಯಕರು ಬಂಡಾಯದ ಕಥೆಗಾರ್ತಿ. 1990ರ ದಶಕದಲ್ಲಿ ರಾಜ್ಯದ ಮಂತ್ರಿಯೂ ಆದರು. ತಾಂಡಾದ ಹೆಂಗಸು ಬರೆದದ್ದನ್ನು ನಾವು ಸೆಮಿನಾರುಗಳಲ್ಲಿ ಚರ್ಚಿಸಿದೆವು. ಅದೇ ಹೆಂಗಸು ಸಚಿವ ಸಂಪುಟದಲ್ಲಿ ಕೂತಾಗ ಅವರ ಅಧಿಕಾರದ ಅನುಭವವನ್ನು ಒಂದು ವಿಮರ್ಶೆಯ ವಸ್ತುವಾಗಿ ನಾನು ನೋಡಲಿಲ್ಲ. ಸಾಹಿತ್ಯ ಒಂದು ಕಪಾಟು, ರಾಜಕಾರಣ ಇನ್ನೊಂದು ಕಪಾಟು. ನಮ್ಮ ಸೀಮೆಯ ತಾಂಡಾದ ಹುಡುಗಿಯರಿಗೆ ಆಗ ಅವರ ಹೆಸರು ಗೊತ್ತಿತ್ತು, ಕಥೆಗಾರ್ತಿ ಎಂದಲ್ಲ, ಮಂತ್ರಿ ಎಂದು.

ಲೆಕ್ಕ ಹೇಳಿದರೆ ಕೆಲವರಿಗೆ ಬೇಜಾರು, ಆದರೂ ಒಂದು ಲೆಕ್ಕ ಹೇಳಲೇಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ ಗೆದ್ದ ಹೆಂಗಸರು 10 ಜನ. ಅವರಲ್ಲಿ 6 ಮಂದಿ ಬಂದದ್ದು 51 ಮೀಸಲು ಕ್ಷೇತ್ರಗಳಿಂದ: ಕೆಜಿಎಫ್, ಮೂಡಿಗೆರೆ, ಸುಳ್ಯ, ಮಹದೇವಪುರ, ಶಿವಮೊಗ್ಗ ಗ್ರಾಮಾಂತರ, ದೇವದುರ್ಗ. ಉಳಿದ 173 ಸಾಮಾನ್ಯ ಕ್ಷೇತ್ರಗಳಿಂದ 4 ಮಂದಿ. ದಲಿತರಲ್ಲಿ ಹೆಂಗಸಿಗೆ ಗೌರವ ಜಾಸ್ತಿ ಎಂದು ಇದನ್ನು ಹಿಡಕೊಂಡು ಕುಣಿಯುವವರಿದ್ದಾರೆ. ನಾನು ಕುಣಿಯಲಾರೆ. ಈ ಆರರಲ್ಲಿ ಕೆಲವರು ರಾಜಕೀಯ ಮನೆಗಳ ಮಗಳೋ ಹೆಂಡತಿಯೋ ಆಗಿ ಬಂದವರು. ಇನ್ನೊಂದು ಸಂಗತಿಯೂ ಇದೆ. ಮೀಸಲು ಕ್ಷೇತ್ರದಲ್ಲಿ ಬಹುಪಾಲು ಮತ ನಮ್ಮದಲ್ಲ. ಅಲ್ಲಿ ಯಾರು ನಿಲ್ಲಬೇಕೆಂದು ಆರಿಸುವಾಗ ಬಲಾಢ್ಯ ಜಾತಿಗಳಿಗೆ ಯಾರಿಂದ ಕಿರಿಕಿರಿ ಕಮ್ಮಿ ಎಂಬ ಲೆಕ್ಕಾಚಾರ ನಡೆಯುತ್ತದೆ, ಹೆಂಗಸು ಆ ಲೆಕ್ಕದಲ್ಲಿ ಸಾಧು ಎಂದು ಬೀಳುತ್ತಾಳೆ. ಗೆದ್ದ ಮೇಲೆ ಅವಳು ಆ ಲೆಕ್ಕವನ್ನು ಸುಳ್ಳು ಮಾಡಬಹುದು, ಮಾಡಿದವರೂ ಇದ್ದಾರೆ. ಸಾಮಾನ್ಯ ಕ್ಷೇತ್ರದ ಕಥೆ ನೋಡಬೇಕೆಂದರೆ ನಮ್ಮದೇ ದಾವಣಗೆರೆ ಲೋಕಸಭೆ ಸಾಕು. 2024ರಲ್ಲಿ ಎರಡು ದೊಡ್ಡ ಪಕ್ಷಗಳೂ ಹೆಂಗಸರನ್ನೇ ನಿಲ್ಲಿಸಿದವು. ಒಬ್ಬರು ಶಾಮನೂರು ಮನೆಯ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಇನ್ನೊಬ್ಬರು ಆಗಿನ ಸಂಸದ ಸಿದ್ದೇಶ್ವರ ಅವರ ಹೆಂಡತಿ ಗಾಯತ್ರಿ. ಇಬ್ಬರೂ ಲಿಂಗಾಯತರು. ಪ್ರಭಾ ಗೆದ್ದರು. ಇಬ್ಬರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಉಬ್ರಾಣಿಯ ಕೂಲಿ ಹೆಂಗಸಿಗೆ ಮತ ಹಾಕಲು ಇಬ್ಬರು ಹೆಂಗಸರು ಸಿಕ್ಕರು, ಇಬ್ಬರ ಹೆಸರನ್ನೂ ಅವಳು ಮನೆತನದ ಹೆಸರಿನ ಮೂಲಕವೇ ಗುರುತಿಸಬೇಕಾಯಿತು. ನಮ್ಮ ಕೇರಿಯಲ್ಲಿ ಒಬ್ಬಳು ಕೇಳಿದ ಪ್ರಶ್ನೆ: "ಅವ್ರಿಗೂ ಕೋಂ ಐತಾ?"

2023ರ ಸೆಪ್ಟೆಂಬರಿನಲ್ಲಿ ಸಂಸತ್ತು 106ನೇ ತಿದ್ದುಪಡಿ ಮಾಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದಿತು. ಮೀಸಲು ಸ್ಥಾನಗಳ ಒಳಗೂ ಮೂರನೇ ಒಂದು. ಜಾರಿಯನ್ನು ಜನಗಣತಿ, ಕ್ಷೇತ್ರ ವಿಂಗಡಣೆಗೆ ಕಟ್ಟಿತು. ಹಿಂದುಳಿದ ಜಾತಿಯ, ಮುಸಲ್ಮಾನರ ಹೆಂಗಸಿಗೆ ಅದರಲ್ಲಿ ಬೇರೆ ಜಾಗವಿಲ್ಲ. ಆ ಹತ್ತು ಜನರಲ್ಲಿ ಮುಸ್ಲಿಂ ಹೆಂಗಸು ಒಬ್ಬರೇ, ಕಲಬುರಗಿಯ ಕನೀಜ್ ಫಾತಿಮಾ. ಒಳಮೀಸಲಾತಿಯ ಜಗಳವನ್ನೂ ನೋಡಿ. 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಪರಿಶಿಷ್ಟ ಜಾತಿಯ ಶೇಕಡ 17ನ್ನು ಎಡಗೈಗೆ 6, ಬಲಗೈಗೆ 6, ಲಂಬಾಣಿ ಭೋವಿ ಮೊದಲಾದವರಿಗೆ 5 ಎಂದು ಹಂಚಲು ತೀರ್ಮಾನಿಸಿತು. ನಾನು ಎಡಗೈಯವನು, ಮೂವತ್ತು ವರ್ಷ ಈ ನ್ಯಾಯಕ್ಕೆ ಕೂಗಿದವನು. ಕೇರಿಯ ಗಂಡಸರೂ ತಾಂಡಾದ ಗಂಡಸರೂ ಒಂದು ಮಹಿಳಾ ಮೀಸಲು ಸ್ಥಾನಕ್ಕಾಗಿ ಕೈಕೈ ಮಿಲಾಯಿಸಿದ್ದನ್ನು ಕಂಡಿದ್ದೇನೆ. ಅದೇ ದಿನ ಎರಡೂ ಕಡೆಯ ಹೆಂಗಸರು ಒಂದೇ ಚಪ್ಪರದಡಿ ಅಕ್ಕಪಕ್ಕ ಕೂತು ಅಡಿಕೆ ಸುಲಿಯುತ್ತಿದ್ದರು. ಅವರನ್ನು ಕೇಳಿದವರಿಲ್ಲ.

ಧರ್ಮದ ವಿಷಯದಲ್ಲಿ ನಮ್ಮ ಕಡೆಯ ಬುದ್ಧಿಜೀವಿಗಳು ಕೋಮುವಾದ ಎಂಬ ಒಂದು ಪದದಲ್ಲಿ ಎಲ್ಲ ಮುಗಿಸುತ್ತಾರೆ. ಕೋಮುವಾದ ಇದೆ, ಬಲಿಯುತ್ತಿದೆ. ಆದರೆ ಹಳ್ಳಿಯಲ್ಲಿ ಧರ್ಮ ಪ್ರಜಾಪ್ರಭುತ್ವದೊಳಗೆ ಬರುವ ಬಾಗಿಲು ಇನ್ನೂ ತಗ್ಗಿನದು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಹಲವು ಕಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದರು. ಹಣ ಊರ ಗುಡಿಗೆ. ಹೆಚ್ಚು ಕೂಗಿದವನು 'ಅವಿರೋಧ' ಆಯ್ಕೆ. ಚುನಾವಣಾ ಆಯೋಗ ಕ್ರಮಕ್ಕೆ ಸೂಚಿಸಿತು. ದೇವರ ಹೆಸರಲ್ಲಿ ಮತದ ಹಕ್ಕನ್ನೇ ಮಾರಿದ ಮೇಲೆ ಗುಡಿಯೊಳಗೆ ಹೋಗಲಾಗದವನ, ಹರಾಜಿನ ಕಟ್ಟೆ ಹತ್ತಲಾಗದವಳ ಮತ ಎಲ್ಲಿ ಹೋಯಿತು? 2025ರ ಏಪ್ರಿಲಿನಲ್ಲಿ ನಮ್ಮ ತಾಲ್ಲೂಕಿನ ತಾವರೆಕೆರೆಯಲ್ಲಿ ಮನೆಯ ಜಗಳವೊಂದು ಮಸೀದಿಗೆ ದೂರಾಗಿ ಹೋಯಿತು, ಮಸೀದಿಯ ಮುಂದೆ ಒಬ್ಬ ಹೆಂಗಸನ್ನು ಗುಂಪು ದೊಣ್ಣೆಯಿಂದ ಹೊಡೆಯಿತು. ವಿಡಿಯೊ ಹರಿದಾಡಿದ ಮೇಲೆ ಪೊಲೀಸರು ಮೊಕದ್ದಮೆ ಹಾಕಿ ಕೆಲವರನ್ನು ಹಿಡಿದರು. ನಮ್ಮ ಕೇರಿಯ ಹುಡುಗರು ಅದನ್ನು ಮೊಬೈಲಿನಲ್ಲಿ ನೋಡುತ್ತ ಸಾಬರು ಹಿಂಗೇ ಎಂದರು. ನಾನು ನಮ್ಮ ಮಾರಮ್ಮನ ಕಟ್ಟೆ ತೋರಿಸಿದೆ. ಅಲ್ಲಿ ಎಷ್ಟು ಹೆಂಗಸರಿಗೆ ತಪ್ಪುದಂಡ ಹಾಕಿದ್ದಾರೆ, ಹಾಕಿದವರಲ್ಲಿ ನಿಮ್ಮ ಅಜ್ಜಂದಿರು ಯಾರ್ಯಾರು ಎಂದು ಹೆಸರು ಹೇಳಿದೆ. ಹುಡುಗರು ಎದ್ದು ಹೋದರು.

ಚನ್ನಗಿರಿಯ ದೊಡ್ಡ ಕೆರೆಗೆ ಬೋರ್ಡಿನಲ್ಲಿ ಶಾಂತಿಸಾಗರ ಎಂದಿದೆ. ಜನ ಸೂಳೆಕೆರೆ ಎನ್ನುತ್ತಾರೆ. ಜನ ಹೇಳುವ ಕಥೆಯಲ್ಲಿ ಕೆರೆ ಕಟ್ಟಿಸಿದವಳು ಶಾಂತವ್ವ, ಜಾಗ ಬಿಟ್ಟುಕೊಟ್ಟವರು ಸೂಳೆಯರು, ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ. ಮರ್ಯಾದಸ್ಥರಿಗೆ ಆ ಹೆಸರು ಬಾಯಲ್ಲಿ ಬರುವುದಿಲ್ಲ, ನೀರು ಮಾತ್ರ ಬೇಕು. ಇದನ್ನು ಯಾಕೆ ಹೇಳಿದೆ ಎಂದರೆ, ಚಿಕ್ಕವ್ವ ಒಮ್ಮೆ ನನ್ನನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಚನ್ನಗಿರಿಯ ಕಚೇರಿಗೆ ಹೋಗಿ ಬಂದಾಗ ಊರಲ್ಲೂ ಕೇರಿಯಲ್ಲೂ ಅವಳಿಗೆ ಸಿಕ್ಕಿದ್ದು ಅದೇ ಪದ. ಕೋಂ ಬಿಟ್ಟು ನಡೆದವಳಿಗೆ ನಮ್ಮ ಭಾಷೆ ಇಟ್ಟುಕೊಂಡಿರುವ ಹೆಸರು ಅದೊಂದೇ.

ಕಳೆದ ವರ್ಷ ಆ ಹಳೆಯ ನಡಾವಳಿ ಪುಸ್ತಕ ನೋಡಲು ಹೋದೆ. ರಟ್ಟು ಕಿತ್ತಿತ್ತು, ಗೆದ್ದಲು ಒಂದು ಮೂಲೆ ತಿಂದಿತ್ತು. ತಲೆಬರಹದಲ್ಲಿ ಇನ್ನೂ ಶಿವಮೊಗ್ಗ ಜಿಲ್ಲೆ. ಪ್ರತಿ ಸಭೆಯಲ್ಲೂ ಚಿಕ್ಕವ್ವನ ಹೆಸರು, ಮುಂದೆ ಕೋಂ, ಕೊನೆಗೆ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು', ಕೆಳಗೆ ಅವಳ ಸೊಟ್ಟ ಸಹಿ. ನಿರ್ಣಯದ ಭಾಷೆ ಬಹುಪಾಲು ನನ್ನದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಒಂದು ಸಭೆಯಲ್ಲಿ ಮಾತ್ರ ಎಲ್ಲ ಸದಸ್ಯರ ಸಹಿ ಇದೆ, ಅಧ್ಯಕ್ಷರ ಸಹಿಯ ಜಾಗ ಖಾಲಿ. ಆ ದಿನ ನನಗೆ ನೆನಪಿದೆ. ನಾನು ಸಮಾವೇಶವೊಂದಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ. ವಾಪಸು ಬಂದಾಗ ಗೌಡರು ನಿಮ್ಮ ಚಿಕ್ಕವ್ವ ಕೆಲಸ ಕೆಡಿಸಿದಳು ಎಂದರು, ನಾನು ಮನೆಗೆ ಹೋಗಿ ಅವಳ ಮೇಲೆ ರೇಗಿದ್ದೆ. ಅವಳು ಏನೂ ಹೇಳಿರಲಿಲ್ಲ, ನಾನು ಏನೂ ಕೇಳಿರಲಿಲ್ಲ.

ಈ ಬಾರಿ ಕೇಳಿದೆ. ಅವಳು ಚಪ್ಪರದಲ್ಲಿ ಅಡಿಕೆ ಸುಲಿಯುತ್ತಿದ್ದಳು. ವಯಸ್ಸಾಗಿದೆ, ಕೈ ಮಾತ್ರ ನಿಲ್ಲುವುದಿಲ್ಲ.

"ಅವತ್ತು ಓದಿ ಹೇಳ್ರಿ ಅಂದೆ ಕಣೋ ಮಗ. ಓದಿ ಹೇಳ್ದೆ ಹಾಕಲ್ಲ ಅಂದೆ. ನೀನಿದ್ದಾಗ ನೀನು ಓದಿರ್ತೀಯ ಅಂತ ಹಾಕ್ತಿದ್ದೆ. ಸೆಕ್ರೆಟ್ರಿ ನಕ್ಕ. ಓದಕ್ಕೆ ಟೈಮಿಲ್ಲಮ್ಮ, ಹಾಕು ಅಂದ. ಎದ್ದು ಬಂದೆ."

ನಾನು ಸುಮ್ಮನೆ ಕೂತಿದ್ದೆ. ಅವಳೇ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಆ ಮೀಟಿಂಗಿನ ದುಡ್ಡೂ ಕೊಡ್ಲಿಲ್ಲ ನೋಡು, ಸಹಿ ಇಲ್ಲ ಅಂತ. ಅವತ್ತಿನ ಕೂಲಿನೂ ಹೋಯ್ತು."